ನಿಜ ಯಾವುದು, ಕಾಲ್ಪನಿಕ ಯಾವುದು: ಆ ಬೋರ್ಡು ಬರೆಯೋರು ಯಾರು?



ಇವತ್ತು ಮಾರ್ಚ್ 11. ಕಂಬಾಲಪಲ್ಲಿ ಹತ್ಯಾಕಾಂಡಕ್ಕೆ 25 ವರ್ಷ ತುಂಬಿತು. ಪ್ರತಿ ವರ್ಷ ಈ ದಿನ ಒಂದು ಫೋಟೋ ಹಾಕಿ, ನಾಲ್ಕು ಸಾಲು ಬರೆದು ಸುಮ್ಮನಾಗ್ತಿದ್ದೆ. ಈ ಸಲ ಬೇರೆ ದಾರಿ ಹಿಡಿದು ಬರ್ತೀನಿ. ಟಿವಿ ಧಾರಾವಾಹಿ, ದೆವ್ವದ ಸಿನಿಮಾಗಳಿಂದ ಶುರು ಮಾಡ್ತೀನಿ. "ಇದೇನಪ್ಪ, ಇಂಥಾ ದಿನ ಸಿನಿಮಾ ಮಾತು" ಅನ್ನಬೇಡಿ. ಸ್ವಲ್ಪ ಉದ್ದ ಆಗುತ್ತೆ, ಪುರಸೊತ್ತು ಮಾಡಿಕೊಂಡು ಓದಿ.

2020ರ ಕೊರೊನಾ ಕಾಲ. ಬಳ್ಳಾರಿಯಿಂದ ಕುರುಗೋಡು ಕಡೆ ನಮ್ಮಕ್ಕನ ಊರಿಗೆ ಹೋಗಿದ್ದೆ. ಜೀ ಕನ್ನಡದಲ್ಲಿ 'ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್' ಶುರುವಾಗಿತ್ತು. ಸಂಜೆ ಆದ್ರೆ ಸಾಕು, ಅಕ್ಕನ ಮನೆ ಪಡಸಾಲೆ ತುಂಬಿ ಬಾಗಿಲ ಹೊರಗೂ ಜನ. ಅಕ್ಕನ ಮಗಳಿಗೆ ಆಗ ಹತ್ತು ವರ್ಷ. ಹೊಸದಾಗಿ ಸರಾಗ ಓದೋಕೆ ಬಂದಿತ್ತು ನೋಡಿ, ಗೋಡೆ ಮೇಲಿನ ಸಿಮೆಂಟ್ ಜಾಹೀರಾತಿನಿಂದ ಹಿಡಿದು ಬಿಸ್ಕತ್ ಪಾಕೀಟಿನವರೆಗೂ ಕಂಡದ್ದನ್ನೆಲ್ಲ ಜೋರಾಗಿ ಓದೋಳು. ಇಂಥ ಧಾರಾವಾಹಿಗಳ ಮುಂದೆ ಒಂದು ಸೂಚನೆ ಬರುತ್ತಲ್ಲ, ನಾಟಕೀಯತೆಗೋಸ್ಕರ ಕಲ್ಪನೆ ಸೇರಿಸಿದ್ದೀವಿ, ಯಾರ ಮನಸ್ಸನ್ನೂ ನೋಯಿಸೋ ಉದ್ದೇಶ ಇಲ್ಲ ಅನ್ನೋ ಅರ್ಥದ್ದು, ಅದನ್ನೂ ಓದಿಬಿಟ್ಟಳು. ಓದಿ ನನ್ನ ಕಡೆ ತಿರುಗಿ ಕೇಳಿದಳು:

"ಮಾವ, ಹಂಗಾದ್ರ ಇದು ಸುಳ್ಳಾ?"

"ಸುಳ್ಳಲ್ಲವ್ವ, ನಡೆದದ್ದೇ" ಅಂದೆ.

"ಮತ್ತ ಯಾಕ ಹಂಗ ಬರದಾರ?"

ಉತ್ತರ ನನ್ನ ಹತ್ರ ಇರಲಿಲ್ಲ. ಅದೇ ವಾರ ಓಣಿ ಹುಡುಗರು ಮೊಬೈಲಲ್ಲಿ '6-5=2' ಸಿನಿಮಾ ಹಾಕ್ಕೊಂಡು ನೋಡಿದ್ರು. 2013ರ ಕನ್ನಡದ ದೆವ್ವದ ಸಿನಿಮಾ. ಬೆಟ್ಟ ಹತ್ತೋಕೆ ಹೋದ ಗೆಳೆಯರು ಒಬ್ಬೊಬ್ಬರೇ ಸಾಯೋ ಕಥೆ. ಆವತ್ತು ರಾತ್ರಿ ಈ ಹುಡುಗಿ ಒಬ್ಬಳೇ ಹಿತ್ತಲಿಗೆ ಹೋಗೋಕೆ ಒಲ್ಲೆ ಅಂದಳು. "ಅದು ಸುಳ್ಳು ಕಥೆ ಬಿಡವ್ವ" ಅಂದೆ. "ಇಲ್ಲ ಮಾವ, ನಿಜವಾಗ್ಲೂ ನಡೆದದ್ದಂತ ಅದರಾಗೇ ಐತಿ!"

ಅಂದ್ರೆ ನೋಡಿ. ಬಾಬಾಸಾಹೇಬರ ಬದುಕಿನ ಮುಂದೆ 'ಕಲ್ಪನೆ' ಅನ್ನೋ ಬೋರ್ಡು. ದೆವ್ವದ ಕಥೆಯ ಮುಂದೆ 'ನಿಜ' ಅನ್ನೋ ಬೋರ್ಡು. ಓದೋಕೆ ಕಲಿತ ಮಗು ಎರಡನ್ನೂ ನಂಬಿತು. ತಪ್ಪು ಮಗುವಿನದಲ್ಲ. ಐದು ವರ್ಷದಿಂದ ಈ ಎರಡು ಬೋರ್ಡುಗಳ ಚರಿತ್ರೆ ಹುಡುಕ್ತಾ ಇದ್ದೀನಿ. ಗೊತ್ತಾದದ್ದನ್ನ ಹೇಳ್ತೀನಿ.

ಮೊದಲು 'ಕಾಲ್ಪನಿಕ' ಬೋರ್ಡು. ಇದು ಹುಟ್ಟಿದ್ದು ಒಬ್ಬ ರಾಜಕುಮಾರಿಯ ಮಾನನಷ್ಟ ಕೇಸಿನಿಂದ. 1932ರಲ್ಲಿ ಹಾಲಿವುಡ್‌ನ ಎಂಜಿಎಂ ಕಂಪನಿ ರಷ್ಯಾದ ರಾಸ್ಪುಟಿನ್ ಮೇಲೆ ಒಂದು ಸಿನಿಮಾ ಮಾಡಿತು. ಕೆಲವು ಪಾತ್ರಗಳು ಇನ್ನೂ ಬದುಕಿವೆ, ಉಳಿದವರು ಕೊಲೆಯಾಗಿ ಸತ್ತರು ಅನ್ನೋ ಅರ್ಥದ ಮಾತು ಸಿನಿಮಾದ ಶುರುವಿನಲ್ಲೇ ಇತ್ತು. ಇದು ನಡೆದ ಕಥೆ ಅಂತ ಜಂಬ. ಅದರಲ್ಲಿ ರಾಸ್ಪುಟಿನ್‌ಗೆ ಬಲಿಯಾಗೋ ಒಬ್ಬ ರಾಜಕುಮಾರಿಯ ಪಾತ್ರ. ಆ ಪಾತ್ರ ತನ್ನನ್ನೇ ಹೋಲುತ್ತೆ, ತನ್ನ ಮಾನ ಹೋಯ್ತು ಅಂತ ರಾಜಕುಮಾರಿ ಐರಿನಾ ಯೂಸುಪೋವ್ ಲಂಡನ್ ಕೋರ್ಟಿಗೆ ಹೋದಳು. 1934ರಲ್ಲಿ ಗೆದ್ದಳು. ಪರಿಹಾರ 25,000 ಪೌಂಡ್. ಆ ಪೆಟ್ಟು ತಿಂದ ಮೇಲೆ ಸಿನಿಮಾ ಕಂಪನಿಗಳು 'ಇಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ, ಸತ್ತವರನ್ನಾಗಲಿ ಬದುಕಿರುವವರನ್ನಾಗಲಿ ಹೋಲಿದರೆ ಅದು ಕಾಕತಾಳೀಯ' ಅಂತ ಹಾಕೋದನ್ನ ರೂಢಿ ಮಾಡಿಕೊಂಡವು. ಇವತ್ತು ನಮ್ಮ ಸಿರುಗುಪ್ಪದ ಟಾಕೀಸಿನಲ್ಲೂ ಬರೋದು ಅದೇ ಸಾಲು.

ನಾನು ಆಫೀಸಿನಲ್ಲಿ ಗುಮಾಸ್ತ. ಬೆಳಿಗ್ಗೆಯಿಂದ ಸಂಜೆವರೆಗೂ ಕಡತದ ಭಾಷೆ ಓದೋನು. ಆ ಸಾಲು ನೋಡಿದ ಕೂಡಲೇ ಅರ್ಥ ಆಗುತ್ತೆ, ಅದು ಪ್ರೇಕ್ಷಕನಿಗೋಸ್ಕರ ಬರೆದದ್ದಲ್ಲ, ಕೋರ್ಟಿಗೋಸ್ಕರ ಬರೆದದ್ದು. ಕೋರ್ಟಿಗೆ ಹೋಗೋ ತಾಕತ್ತು ಇದ್ದೋರಿಗೆ ಹೆದರಿ ಬರೆದದ್ದು. ರಾಜಕುಮಾರಿಗೆ ವಕೀಲರಿದ್ರು. ಮಾನ ಹೋಯ್ತು ಅಂತ ಕೇಸ್ ಹಾಕಬಹುದು ಅನ್ನೋದು ನಮ್ಮಜ್ಜಿಗೆ ಸಾಯೋವರೆಗೂ ಗೊತ್ತಿರಲಿಲ್ಲ.

ಈಗ 'ನಿಜ ಘಟನೆ ಆಧಾರಿತ' ಅನ್ನೋ ಎರಡನೇ ಬೋರ್ಡು. ದೆವ್ವದ ಸಿನಿಮಾಗಳಿಗೆ ಈ ಬೋರ್ಡಿನಿಂದ ದುಡ್ಡು ಹುಟ್ಟುತ್ತೆ ಅಂತ ಲೋಕಕ್ಕೆ ತೋರಿಸಿದ ಕಥೆಗಳಲ್ಲಿ ಅಮೆರಿಕಾದ ಅಮಿಟಿವಿಲ್ ದೊಡ್ಡದು. 1974ರ ನವೆಂಬರ್ 13ರಂದು ನ್ಯೂಯಾರ್ಕ್ ರಾಜ್ಯದ ಆ ಊರಿನ ಒಂದು ಮನೆಯಲ್ಲಿ ಮಗನೊಬ್ಬ ತನ್ನ ಅಪ್ಪ, ಅಮ್ಮ, ತಮ್ಮ ತಂಗಿಯರು ಸೇರಿ ಆರು ಜನರನ್ನ ಗುಂಡಿಕ್ಕಿ ಕೊಂದ. ಇದು ನಿಜ. ಅವನಿಗೆ ಶಿಕ್ಷೆ ಆಯ್ತು. ಮುಂದಿನ ವರ್ಷ ಅದೇ ಮನೆಗೆ ಇನ್ನೊಂದು ಕುಟುಂಬ ಬಂತು, 28 ದಿನಕ್ಕೆ ಮನೆ ಬಿಟ್ಟು ಹೋಯ್ತು. ಅಲ್ಲಿ ದೆವ್ವ ಇದೆ ಅಂದ್ರು. 1977ರಲ್ಲಿ ಪುಸ್ತಕ, 1979ರಲ್ಲಿ ಸಿನಿಮಾ. ಎರಡರ ಮೇಲೂ 'ನಿಜ' ಅನ್ನೋ ಮುದ್ರೆ. ಕೊಲೆಗಾರನ ಪರ ವಕೀಲನಾಗಿದ್ದವನು ಆಮೇಲೆ ಬಾಯಿಬಿಟ್ಟ: ವೈನ್ ಬಾಟಲಿ ಮುಂದಿಟ್ಟುಕೊಂಡು ಆ ಕುಟುಂಬದ ಜೊತೆ ಕೂತು ಹೆಣೆದ ಕಥೆ ಅದು ಅಂತ.

ಆ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಶಿನೆಕಾಕ್ ಅನ್ನೋ ಅಲ್ಲಿನ ಮೂಲನಿವಾಸಿ ಜನ ಹಿಂದೆ ತಮ್ಮ ರೋಗಿಗಳನ್ನ, ಹುಚ್ಚು ಹಿಡಿದವರನ್ನ ಆ ಜಾಗದಲ್ಲಿ ಸಾಯೋಕೆ ಬಿಡ್ತಿದ್ದರಂತೆ, ಅದಕ್ಕೇ ಆ ನೆಲ ಕೆಟ್ಟದ್ದಂತೆ. ಇದಕ್ಕೆ ಆಧಾರ ಇಲ್ಲ ಅಂತ ಚರಿತ್ರೆ ಬಲ್ಲವರು ಅಲ್ಲಗಳೆದರು. ಯೋಚನೆ ಮಾಡಿ. ನೆಲ ಕಳೆದುಕೊಂಡವರು ಆ ಜನ. ಕಥೆಯಲ್ಲಿ ಆ ನೆಲಕ್ಕೆ ಶಾಪ ತಗುಲಿಸಿದವರೂ ಅವರೇ. ಒಕ್ಕಲೆಬ್ಬಿಸಿದವರು ಪಾಪ, ದೆವ್ವಕ್ಕೆ ಹೆದರಿ ನಡುಗೋ ಅಮಾಯಕರು.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಕಡೆ ದೆವ್ವದ ಕಥೆಗಳನ್ನ ನೆನಪು ಮಾಡಿಕೊಳ್ಳಿ. ಬಾವಿಗೆ ಬಿದ್ದ ಹೆಣ್ಣು ಮೋಹಿನಿ ಆಗ್ತಾಳೆ. ಅವಳನ್ನ ಬಾವಿಗೆ ತಳ್ಳಿದವನು ಊರ ಹಿರಿಯನಾಗಿ ಕಟ್ಟೆ ಮೇಲೆ ಕೂತಿರ್ತಾನೆ. ಹೆದರಬೇಕಾದದ್ದು ಯಾರಿಗೆ? ಕಥೆ ಹೇಳುತ್ತೆ, ಅವಳಿಗೆ.

ನಾನು ಪ್ರೈಮರಿ ಶಾಲೆಯಲ್ಲಿ ಇದ್ದಾಗ 'ನಾಳೆ ಬಾ' ಸುದ್ದಿ ನಮ್ಮೂರಿಗೂ ಬಂತು. ಸಿರುಗುಪ್ಪ ಕಡೆಯ ಊರು ನಮ್ಮದು. ರಾತ್ರಿ ಒಬ್ಬ ಹೆಣ್ಣು ದೆವ್ವ ಮನೆಯವರ ದನಿಯಲ್ಲಿ ಕೂಗಿ ಬಾಗಿಲು ಬಡಿಯುತ್ತೆ, ತೆಗೆದವರು ಸಾಯ್ತಾರೆ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ್ರೆ ಓದಿಕೊಂಡು ವಾಪಸ್ ಹೋಗುತ್ತೆ ಅಂತ. ಗಡಿ ದಾಟಿ ಆಂಧ್ರದ ಕಡೆ 'ಓ ಸ್ತ್ರೀ ರೇಪು ರಾ' ಅಂತ ಬರೀತಿದ್ರು. ನಮ್ಮ ಕೇರಿಯಲ್ಲಿ ಅಕ್ಷರ ಬಲ್ಲವರು ಬೆರಳೆಣಿಕೆ. ದೊಡ್ಡವರು ನನ್ನ ಕೈಗೆ ಸುಣ್ಣದ ತಂಬಿಗೆ ಕೊಟ್ಟು ಮನೆ ಮನೆಗೂ ಕರ್ಕೊಂಡು ಹೋದ್ರು. ನಾನು ಕಲಿತ ಅಕ್ಷರಕ್ಕೆ ಕೇರಿಯಲ್ಲಿ ಸಿಕ್ಕ ಮೊದಲ ಕೆಲಸ ಅದು. ಒಬ್ಬ ಮುದುಕಿ ಮಾತ್ರ ಬ್ಯಾಡ ಅಂದಳು. "ನಮ್ಮನಿಗೆ ಯಾವ ದೆವ್ವ ಬರತೈತಪಾ? ಅದಕ್ಕೂ ಮೈಲಿಗಿ ಆಗಂಗಿಲ್ಲೇನು?" ಅಂತ ನಕ್ಕಳು.

2018ರಲ್ಲಿ ಹಿಂದಿಯ 'ಸ್ತ್ರೀ' ಸಿನಿಮಾ ಬಂತು. ನಮ್ಮ 'ನಾಳೆ ಬಾ'ವನ್ನೇ ಎತ್ತಿಕೊಂಡು ಮಧ್ಯಪ್ರದೇಶದ ಚಂದೇರಿಗೆ ಒಯ್ದು ಮಾಡಿದ ಕಥೆ. ನಿಜ ವಿದ್ಯಮಾನ ಆಧಾರಿತ ಅಂತ ತಮಾಷೆಯಾಗೇ ಪೋಸ್ಟರ್ ಹಾಕಿದ್ರು. ಆ ಸಿನಿಮಾಕ್ಕೆ ಒಂದು ಮೆಚ್ಚುಗೆ ಹೇಳಬೇಕು. ದೆವ್ವ ಆದವಳಿಗೆ ಜನ ಏನು ಮಾಡಿದ್ರು ಅಂತ ಕೇಳುತ್ತೆ. ದೆವ್ವದ ಸಿನಿಮಾಗಳು ಹೆಚ್ಚಾಗಿ ಅದನ್ನ ಕೇಳೋದೇ ಇಲ್ಲ. ಮಂತ್ರವಾದಿ ಬಂದು ಓಡಿಸಿದ್ರೆ ಕಥೆ ಮುಗೀತು.

ಇನ್ನು ಟಿವಿ ಕಡೆ ಬರೋಣ.

ನಮ್ಮೂರಲ್ಲಿ ಮೊದಲು ಟಿವಿ ಬಂದದ್ದು ಒಬ್ಬ ದೊಡ್ಡ ಒಕ್ಕಲಿನವರ ಮನೆಗೆ. ಭಾನುವಾರ ರಾಮಾಯಣ. ಊರ ಹುಡುಗರು ಒಳಗೆ ಚಾಪೆ ಮೇಲೆ. ನಾವು ಹೊರಗೆ, ಕಿಟಕಿ ಸರಳು ಹಿಡಿದು. ಕಿಟಕಿಯಿಂದ ನೋಡಿದವರಿಗೆ ಅರ್ಧ ಪರದೆ ಮಾತ್ರ ಕಾಣೋದು. ರಾಮ ಕಂಡ್ರೆ ರಾವಣ ಇಲ್ಲ, ರಾವಣ ಕಂಡ್ರೆ ರಾಮ ಇಲ್ಲ. ಈಗ ನೆನೆಸಿಕೊಂಡ್ರೆ ನಗು ಬರುತ್ತೆ. ಆಗ ಬರ್ತಿರಲಿಲ್ಲ.

ನಾವು ಕಿಟಕಿ ಹೊರಗೆ ನಿಂತಿದ್ದ ಕಾಲದಲ್ಲಿ ದೂರದರ್ಶನದ ಒಳಗೆ ನಮ್ಮವರ ಕಥೆ ಬಂದಿರಲಿಲ್ಲ ಅಂತಲ್ಲ. 1981ರಲ್ಲಿ ಸತ್ಯಜಿತ್ ರೇ ದೂರದರ್ಶನಕ್ಕೋಸ್ಕರ 'ಸದ್ಗತಿ' ಮಾಡಿದ್ರು, ಪ್ರೇಮಚಂದರ ಕಥೆ. ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳೋಕೆ ಹೋದ ಚಮ್ಮಾರ ದುಖಿಯ ಹತ್ರ ಪುರೋಹಿತ ಬಿಟ್ಟಿ ಸೌದೆ ಒಡೆಸ್ತಾನೆ. ಹಸಿದ ಹೊಟ್ಟೆಯಲ್ಲಿ ಒಡೀತಾ ಒಡೀತಾ ದುಖಿ ಸಾಯ್ತಾನೆ. ಹೆಣ ಮುಟ್ಟೋ ಹಾಗಿಲ್ಲ. ಕಾಲಿಗೆ ಹಗ್ಗ ಕಟ್ಟಿ ಪುರೋಹಿತನೇ ಎಳ್ಕೊಂಡು ಹೋಗ್ತಾನೆ. ಅದರಲ್ಲಿ ದೆವ್ವ ಇಲ್ಲ, ಕಿರುಚಾಟ ಇಲ್ಲ. ಅದಕ್ಕಿಂತ ಭಯಾನಕ ಸಿನಿಮಾ ನಾನು ನೋಡಿಲ್ಲ.

1988ರಲ್ಲಿ ಗೋವಿಂದ ನಿಹಲಾನಿಯವರ 'ತಮಸ್' ಬಂತು. ದೇಶ ವಿಭಜನೆ ಕಾಲದ ರಾವಲ್ಪಿಂಡಿ ಗಲಭೆಯನ್ನ ಕಣ್ಣಾರೆ ಕಂಡಿದ್ದ ಭೀಷ್ಮ ಸಾಹನಿಯವರ ಕಾದಂಬರಿ. ಶುರು ಆಗೋದೇ ಚರ್ಮದ ಕೆಲಸದ ನತ್ಥುವಿನಿಂದ. ಅವನಿಗೆ ಐದು ರೂಪಾಯಿ ಆಸೆ ತೋರಿಸಿ ಹಂದಿ ಕೊಲ್ಲಿಸ್ತಾರೆ, ಆ ಹಂದಿ ಮಸೀದಿ ಮುಂದೆ ಬೀಳುತ್ತೆ, ಊರು ಹೊತ್ತಿ ಉರಿಯುತ್ತೆ. ಪ್ರಸಾರ ನಿಲ್ಲಿಸಿ ಅಂತ ಕೇಸ್ ಹಾಕಿದ್ರು. ಬಾಂಬೆ ಹೈಕೋರ್ಟ್ ನ್ಯಾಯಮೂರ್ತಿಗಳು ಇಡೀ ಧಾರಾವಾಹಿ ನೋಡಿ ನಿಲ್ಲಿಸೋದಿಲ್ಲ ಅಂದ್ರು, ಸುಪ್ರೀಂ ಕೋರ್ಟೂ ನಿಲ್ಲಿಸಲಿಲ್ಲ. ನಡೆದ ಗಲಭೆಯನ್ನ ತೋರಿಸಿದ್ರೆ ಗಲಭೆ ಆಗುತ್ತೆ ಅನ್ನೋ ವಾದ ಅವತ್ತೇ ಬಿದ್ದುಹೋಯ್ತು. ಆದ್ರೆ ಆ ವಾದ ಹೂಡೋರು ಇವತ್ತಿಗೂ ಇದ್ದಾರೆ.

ತಮ್ಮ ಚರಿತ್ರೆಯನ್ನ ಟಿವಿಯಲ್ಲಿ ನೋಡಿದಾಗ ತುಳಿತಕ್ಕೆ ಒಳಗಾದ ಜನಕ್ಕೆ ಏನಾಗುತ್ತೆ? ಇದಕ್ಕೆ ಅಮೆರಿಕಾದ ಕರಿಯರ ಉದಾಹರಣೆ ಇದೆ. 1977ರ ಜನವರಿಯಲ್ಲಿ ಎಬಿಸಿ ವಾಹಿನಿ 'ರೂಟ್ಸ್' ಅನ್ನೋ ಕಥೆಯನ್ನ ಸತತ ಎಂಟು ರಾತ್ರಿ ತೋರಿಸಿತು. ಅಲೆಕ್ಸ್ ಹೇಲಿ ಬರೆದ ತನ್ನ ಪೂರ್ವಜರ ಕಥೆ, ಆಫ್ರಿಕಾದಿಂದ ಹಿಡಿದು ತಂದ ಕುಂಟಾ ಕಿಂಟೆಯ ಕಥೆ. ಹತ್ತು ಕೋಟಿಗೂ ಹೆಚ್ಚು ಜನ ನೋಡಿದ್ರು. ಕರಿಯರು ತಮ್ಮ ವಂಶ ಹುಡುಕೋಕೆ ಹೊರಟರು. ಆಮೇಲೆ ಹೇಲಿ ಕೆಲವು ಭಾಗಗಳನ್ನ ಬೇರೆಯವರ ಕಾದಂಬರಿಯಿಂದ ತೆಗೆದುಕೊಂಡದ್ದು ಕೋರ್ಟಿನಲ್ಲಿ ಗೊತ್ತಾಯ್ತು, ದುಡ್ಡು ಕೊಟ್ಟು ರಾಜಿಯಾದ. ವಂಶಾವಳಿಯಲ್ಲೂ ತಪ್ಪು ತೋರಿಸಿದ್ರು. ಇದನ್ನ ನಾವು ಮುಚ್ಚಿಡಬಾರದು. ಆದ್ರೆ ಹೇಲಿ ತಪ್ಪು ಮಾಡಿದ ಅಂತ ಗುಲಾಮಗಿರಿ ಸುಳ್ಳಾಗಲಿಲ್ಲ.

ಕನ್ನಡದಲ್ಲಿ ಇಂಥದ್ದು ಬರೋಕೆ ಇನ್ನೊಂದು ಬಾಗಿಲು ತೆಗೀಬೇಕಾಗಿತ್ತು, ಡಬ್ಬಿಂಗ್ ಬಾಗಿಲು. 1960ರ ದಶಕದಲ್ಲಿ ಬಡ ಕನ್ನಡ ಚಿತ್ರರಂಗ ಉಳೀಬೇಕು ಅಂತ ಶುರುವಾದ ವಿರೋಧ ಅದು. ಆವತ್ತಿಗೆ ಅದಕ್ಕೆ ಕಾರಣ ಇತ್ತು, ಒಪ್ತೀನಿ. ಆದ್ರೆ 2012ರಲ್ಲಿ ಆಮೀರ್ ಖಾನ್ 'ಸತ್ಯಮೇವ ಜಯತೆ' ಮಾಡಿದಾಗ ತಮಿಳರು, ತೆಲುಗರು, ಮಲಯಾಳಿಗಳು ತಮ್ಮ ಭಾಷೆಯಲ್ಲಿ ಟಿವಿಯಲ್ಲಿ ನೋಡಿದ್ರು, ನಮಗೆ ಮಾತ್ರ ಇಲ್ಲ. ಅದರ ಜುಲೈ 8ರ ಕಂತು ಅಸ್ಪೃಶ್ಯತೆ ಬಗ್ಗೆ. ಹಿಂದಿ ಬಾರದ ನಮ್ಮ ಅವ್ವಂದಿರಿಗೆ ಅದು ತಲುಪಲೇ ಇಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ಕಾನೂನಿಗೆ ವಿರುದ್ಧ ಅಂತ ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತಾಗ ವಾಹಿನಿಗಳೇ ಡಬ್ಬಿಂಗ್ ಕಥೆ ಹುಡುಕಿಕೊಂಡು ಹೋದವು. ಹಾಗೆ ಹಿಂದಿಯ ಧಾರಾವಾಹಿ ಆ ಜುಲೈನಲ್ಲಿ 'ಮಹಾನಾಯಕ' ಆಗಿ ನಮ್ಮ ಮನೆಗೆ ಬಂತು.

ಬಂದ ಮೇಲೆ ಏನಾಯ್ತು, ನಿಮಗೆಲ್ಲ ಗೊತ್ತು. ರಾಜ್ಯದ ಕೇರಿ ಕೇರಿಯಲ್ಲಿ ಫ್ಲೆಕ್ಸ್. ಪ್ರಸಾರ ನಿಲ್ಲಿಸಿ ಅಂತ ಬೆದರಿಕೆ ಕರೆ ಬರ್ತಿವೆ ಅಂತ ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರೇ ಜಾಲತಾಣದಲ್ಲಿ ಬರೆದ್ರು, ನಿಲ್ಲಿಸೋದಿಲ್ಲ ಅಂತಲೂ ಬರೆದ್ರು. ಅದಾದ ಮೇಲೆ ಫ್ಲೆಕ್ಸ್ ಇನ್ನೂ ಹೆಚ್ಚಾದವು. ಕುರುಗೋಡು ಕಡೆ ಅಕ್ಕನ ಊರಲ್ಲೂ ಹುಡುಗರು ಮನೆಗೆ ಇಪ್ಪತ್ತು ರೂಪಾಯಿ ಎತ್ತಿ ಒಂದು ಹಾಕಿಸಿದ್ರು. ಎಂಟು ದಿನಕ್ಕೆ ಬೆಳಿಗ್ಗೆ ಎದ್ದು ನೋಡಿದ್ರೆ ಹರಿದಿತ್ತು. ಊರೊಳಗಿನವರು "ಗಾಳಿಗೆ ಹರಿದೈತಿ" ಅಂದ್ರು. ಮುಖ ಇದ್ದ ಜಾಗ ನೋಡಿಕೊಂಡು ಬೀಸೋ ಗಾಳಿ ಯಾವುದು? ಹುಡುಗರು ಕೋಲು ಹಿಡ್ಕೊಂಡು ಹೊರಟಿದ್ರು. ನಮ್ಮ ಭಾವ ತಡೆದು, "ಇನ್ನೊಂದು ಹಾಕ್ರಿ, ದೊಡ್ಡದು ಹಾಕ್ರಿ, ಎತ್ತರಕ್ಕ ಕಟ್ರಿ" ಅಂದ್ರು. ಹಾಕಿದ್ವಿ. ಅದು ಮಳೆಗಾಲ ದಾಟಿ ನಿಂತಿತು.

ಆ ಧಾರಾವಾಹಿಯಲ್ಲಿ ತಪ್ಪು ಇರಲಿಲ್ವಾ? ಇತ್ತು. ಕಂತು ಎಳೆಯೋಕೆ ಖಳನಾಯಕರನ್ನ ತುಂಬಿದ್ರು, ನಡೆಯದ ಪ್ರಸಂಗ ಸೇರಿಸಿದ್ರು, ಅಳು ಬರೋ ಕಡೆಗೆಲ್ಲ ಸಂಗೀತ ಸುರಿದ್ರು. ಬಾಬಾಸಾಹೇಬರ ಕಥೆಗೆ ಇಷ್ಟು ಉಪ್ಪುಖಾರ ಬೇಕಾಗಿಯೇ ಇಲ್ಲ. ಅವರೇ ಬರೆದ 'ವೀಸಾಗಾಗಿ ಕಾಯುತ್ತಾ' ಅನ್ನೋ ಪುಟ್ಟ ಬರಹ ಓದಿ. 1901ರ ಒಂದು ಪ್ರಯಾಣ ಅದರಲ್ಲಿದೆ.

ಸತಾರದಿಂದ ನಾಲ್ಕು ಮಕ್ಕಳು: ಭೀಮ, ಅವರಣ್ಣ, ತೀರಿಹೋದ ಅಕ್ಕನ ಇಬ್ಬರು ಗಂಡುಮಕ್ಕಳು. ಅಪ್ಪ ಗೋರೆಗಾಂವ್‌ನಲ್ಲಿ ಕ್ಯಾಷಿಯರ್. ಬರಗಾಲದ ಜನಕ್ಕೆ ಕೆಲಸ ಕೊಡೋಕೆ ಅಲ್ಲಿ ಸರ್ಕಾರ ಕೆರೆ ತೋಡಿಸ್ತಿತ್ತು. ರಜೆಗೆ ಬನ್ನಿ ಅಂತ ಅಪ್ಪ ಕಾಗದ ಹಾಕಿದ್ರು. ಹೊಸ ಅಂಗಿ, ಜರಿ ಟೋಪಿ ಹಾಕ್ಕೊಂಡು ಖುಷಿಯಿಂದ ರೈಲು ಹತ್ತಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದ್ರು. ಕರೆದೊಯ್ಯೋಕೆ ಯಾರೂ ಬಂದಿಲ್ಲ. ಬಟ್ಟೆ ನೋಡಿ ಬ್ರಾಹ್ಮಣ ಮಕ್ಕಳು ಅಂದ್ಕೊಂಡಿದ್ದ ಸ್ಟೇಷನ್ ಮಾಸ್ತರ, ಮಹಾರರು ಅಂತ ಗೊತ್ತಾದ ಕೂಡಲೇ ಮುಖ ಬದಲಾಯಿಸಿ ಹೊರಟುಹೋದ. ಗಾಡಿ ಹೊಡೆಯೋರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಬಾಡಿಗೆ ಎರಡರಷ್ಟು, ಗಾಡಿ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡೆದು ಬರ್ತೀನಿ ಅಂತ. ಕತ್ತಲಾಯ್ತು. ಬುತ್ತಿ ಇದೆ, ನೀರಿಲ್ಲ. ದಾರಿಯಲ್ಲಿ ಯಾರೂ ಕೊಡೋದಿಲ್ಲ. ಗಾಡಿಯವನು ನಮ್ಮನ್ನ ಕೊಂದುಬಿಡ್ತಾನೇನೋ ಅನ್ನೋ ಭಯ. ನಡುರಾತ್ರಿ ಸುಂಕದ ಕಟ್ಟೆ ಹತ್ರ ಬಂದು, ಮುಸಲ್ಮಾನರು ಅಂತ ಸುಳ್ಳು ಹೇಳಿ ನೀರು ಕೇಳಿದ್ರೂ ಸಿಗಲಿಲ್ಲ. ಇಬ್ಬರು ಮಲಗೋದು, ಇಬ್ಬರು ಕಾವಲು ಅಂತ ಮಾಡಿಕೊಂಡ್ರು. ನೀರಿಲ್ಲದೆ ಬುತ್ತಿ ಇಳಿಯೋದಿಲ್ಲ, ಹಸಿದೇ ರಾತ್ರಿ ಕಳೆದ್ರು. ಊರು ಮುಟ್ಟಿದ್ದು ಮರುದಿನ ಹನ್ನೊಂದು ಗಂಟೆಗೆ. ಅಪ್ಪನಿಗೆ ಇವರು ಬರೆದಿದ್ದ ಕಾಗದವನ್ನ ಜವಾನ ಕೊಡೋದೇ ಮರೆತಿದ್ದ.

ಕಾಡು, ಕತ್ತಲು, ಮಕ್ಕಳು, ಭಯ, ಎಲ್ಲ ಇದೆಯಲ್ಲ ಇದರಲ್ಲಿ? ದೆವ್ವದ ಸಿನಿಮಾಕ್ಕೆ ಇನ್ನೇನು ಬೇಕು? ಆದ್ರೆ ಇಲ್ಲಿ ಹೆದರಿಸೋದು ಯಾವ ಪ್ರೇತವೂ ಅಲ್ಲ, ನೀರಿನ ಕೊಡ ಪಕ್ಕದಲ್ಲಿಟ್ಟುಕೊಂಡ ಸಾದಾ ಮನುಷ್ಯರು. ಇದರ ಮುಂದೆ 'ನಿಜ' ಅನ್ನೋ ಬೋರ್ಡು ಹಾಕಿದ್ರೆ ನೋಡೋರು ತಮ್ಮ ಮನೆಯ ಕೊಡವನ್ನ ನೆನೆಸಿಕೊಳ್ಳಬೇಕಾಗುತ್ತೆ. ದೆವ್ವದ ಕಥೆ ನಿಜ ಅಂದ್ರೆ ಯಾರೂ ಏನೂ ಬಿಟ್ಟುಕೊಡಬೇಕಾಗಿಲ್ಲ. ಟಿಕೆಟ್ ಕೊಂಡು ಹೆದರಿ ಮನೆಗೆ ಹೋಗಿ ಮಲಗಬಹುದು. ನಮ್ಮಕ್ಕನ ಮಗಳ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ನಮ್ಮ ಕಥೆಗೆ 'ನಿಜ' ಅನ್ನೋ ಬೋರ್ಡು ಸಿಕ್ಕಾಗಲೂ ಏನೋ ಒಂದು ಜಾರಿಹೋಗುತ್ತೆ. 2021ರ ತಮಿಳಿನ 'ಜೈ ಭೀಮ್' ನೆನಪಿದೆಯಲ್ಲ. 1993ರಲ್ಲಿ ಪೊಲೀಸ್ ಕಸ್ಟಡಿಯಲ್ಲಿ ಸತ್ತ ರಾಜಾಕಣ್ಣು, ಅವರ ಪರ ನಿಂತ ವಕೀಲ, ಮುಂದೆ ನ್ಯಾಯಮೂರ್ತಿಯಾದ ಕೆ. ಚಂದ್ರು. ನೋಡಿ ಅತ್ತವರಲ್ಲಿ ನಾನೂ ಒಬ್ಬ. ಆದ್ರೆ ರಾಜಾಕಣ್ಣು ಕುರವ ಸಮುದಾಯದವರು, ಸಿನಿಮಾ ಅವರನ್ನ ಇರುಳರು ಅಂತ ತೋರಿಸಿತು. ನಮ್ಮ ಬಳ್ಳಾರಿ ಕಡೆಯ ಕೊರಚರು, ಕೊರಮರಿಗೆ ಹತ್ತಿರದ ಜನ ಕುರವರು. ಬ್ರಿಟಿಷರ ಕಾಯ್ದೆಯ ಕೆಳಗೆ 'ಹುಟ್ಟಾ ಕಳ್ಳರು' ಅಂತ ಹಣೆಪಟ್ಟಿ ಅಂಟಿಸಿಕೊಂಡು, 1952ರಲ್ಲಿ ಅದು ರದ್ದಾದ ಮೇಲೂ ಠಾಣೆ ಮೆಟ್ಟಿಲು ತಪ್ಪದ ಜನ. ಅವರ ನೋವು ಅವರ ಹೆಸರಲ್ಲೇ ಬರಬೇಕಾಗಿತ್ತು. ಇದನ್ನ ಸಿನಿಮಾ ಮೇಲಿನ ಪ್ರೀತಿಯಿಂದಲೇ ಹೇಳ್ತಿದ್ದೀನಿ.

ಈಗ ಯಾವ ಬೋರ್ಡೂ ಸಿಗದ ಕಥೆಗಳು.

2000ದ ಮಾರ್ಚ್ 11. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿ. ಏಳು ಜನ ದಲಿತರನ್ನ ಮನೆಯೊಳಗೆ ಕೂಡಿ ಹಾಕಿ ಬೆಂಕಿ ಇಟ್ಟು ಸುಟ್ಟರು. ನಾನಾಗ ಬಳ್ಳಾರಿಯಲ್ಲಿ ಬಿ.ಎ. ಓದ್ತಿದ್ದೆ. ಹಾಸ್ಟೆಲಿಗೆ ಬರ್ತಿದ್ದ ಒಂದೇ ಪೇಪರನ್ನ ಕೈಯಿಂದ ಕೈಗೆ ಕೊಟ್ಟುಕೊಂಡು ಓದಿದ್ವಿ, ಆವತ್ತು ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಸಾಕ್ಷಿಗಳು ತಿರುಗಿಬಿದ್ರು. ಯಾಕೆ ತಿರುಗಿದ್ರು ಅಂತ ಹಳ್ಳಿಯಲ್ಲಿ ಬದುಕಿದವರಿಗೆ ಹೇಳಬೇಕಾಗಿಲ್ಲ. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಂದ್ರೆ ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಕಾಲ್ಪನಿಕ! ಆ ಬೋರ್ಡನ್ನ ಸಿನಿಮಾದವರು ಬರೀಲಿಲ್ಲ, ವ್ಯವಸ್ಥೆಯೇ ಬರೆಯಿತು.

ಇನ್ನೊಂದು ನಮ್ಮ ಮನೆ ಬಾಗಿಲಲ್ಲೇ ನಡೆದದ್ದು. ಕುರುಗೋಡಿನಿಂದ ಕಂಪ್ಲಿ, ಕಂಪ್ಲಿ ಸೇತುವೆ ಮೇಲೆ ತುಂಗಭದ್ರೆ ದಾಟಿದ್ರೆ ಗಂಗಾವತಿ. ಆ ತಾಲೂಕಿನ ಮರಕುಂಬಿ. ಅಲ್ಲಿ ಹೋಟೆಲು, ಕ್ಷೌರದ ಅಂಗಡಿಗಳಲ್ಲಿ ನಮ್ಮವರಿಗೆ ಪ್ರವೇಶ ಇಲ್ಲ ಅನ್ನೋ ವಿಷಯಕ್ಕೆ ಮೊದಲೇ ಬಿಗುವಿತ್ತು. 2014ರ ಆಗಸ್ಟ್‌ನಲ್ಲಿ ಗಂಗಾವತಿ ಟಾಕೀಸಿನಲ್ಲಿ ಸಿನಿಮಾ ಟಿಕೆಟ್ ವಿಷಯಕ್ಕೆ ಜಗಳ ಆಯ್ತು. ಅದರ ಸಿಟ್ಟನ್ನ ತಂದು ಮರಕುಂಬಿಯ ದಲಿತ ಕೇರಿ ಮೇಲೆ ತೀರಿಸಿಕೊಂಡ್ರು. ಗುಂಪು ಕಟ್ಟಿ ಬಂದು ಹೊಡೆದ್ರು, ಗುಡಿಸಲಿಗೆ ಬೆಂಕಿ ಇಟ್ರು. ಒಂದು ಸಿನಿಮಾ ಟಿಕೆಟ್ಟು, ಬಂಧುಗಳೇ! ನಮ್ಮವರು ಸಿನಿಮಾ ಪರದೆ ಮೇಲೆ ಬರೋದು ದೂರ ಉಳೀತು, ಪರದೆ ಮುಂದಿನ ಜಗಳಕ್ಕೂ ಉರಿಯೋದು ನಮ್ಮ ಮನೆಯೇ.

ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳ ಜಿಲ್ಲಾ ನ್ಯಾಯಾಲಯ 98 ಜನಕ್ಕೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಜಾತಿ ದೌರ್ಜನ್ಯದ ಕೇಸಿನಲ್ಲಿ ಇಷ್ಟು ಜನಕ್ಕೆ ಒಟ್ಟಿಗೆ ಶಿಕ್ಷೆ ಆದದ್ದು ನೋಡಿ ದೇಶವೇ ತಿರುಗಿ ನೋಡಿತು. ಮುಂದಿನ ತಿಂಗಳೇ ಧಾರವಾಡ ಹೈಕೋರ್ಟ್ ಪೀಠದಲ್ಲಿ ಬಹುಪಾಲು ಜನಕ್ಕೆ ಜಾಮೀನು ಸಿಕ್ಕಿತು, ಮೇಲ್ಮನವಿ ದಾಖಲಾಗಿದೆ. ಕೊನೆಗೆ ಏನಾಗುತ್ತೋ ಕಾಯೋಣ. ಆದ್ರೆ ಒಂದು ಮಾತು ದಾಖಲೆಯಲ್ಲಿ ಕೂತಿದೆ. ಕಂಬಾಲಪಲ್ಲಿಯಲ್ಲಿ ಮುರಿದುಬಿದ್ದ ಸಾಕ್ಷಿಯ ಕೊಂಡಿ ಮರಕುಂಬಿಯಲ್ಲಿ ಹತ್ತು ವರ್ಷ ಹಿಡಿದು ನಿಂತಿತು. ಹೆದರಿಸಿದ್ರೂ ಬಂದು, ಕಟಕಟೆಯಲ್ಲಿ ನಿಂತು, ಕಂಡದ್ದನ್ನ ಕಂಡ ಹಾಗೆ ಹೇಳಿದ ಆ ಜನ ಓದಿದವರಲ್ಲ, ದುಡ್ಡಿದ್ದವರಲ್ಲ. 'ಇದು ನಿಜ ಘಟನೆ' ಅನ್ನೋ ಬೋರ್ಡನ್ನ ಸಾಕ್ಷಿ ಹೇಳಿ ಬರೆಸಿದವರು ಅವರು. ಅವರ ಮೇಲೆ ಯಾರಾದ್ರೂ ಸಿನಿಮಾ ಮಾಡ್ತಾರಾ ಗೊತ್ತಿಲ್ಲ. ಮಾಡಿದ್ರೆ ಅವರನ್ನ ಕೇಳಿ ಮಾಡಲಿ, ಊರಿನ ಹೆಸರು ಬದಲಾಯಿಸದೆ ಮಾಡಲಿ.

ಕೊನೆಯದಾಗಿ ನಮ್ಮ ಕೆಲಸದ ಮಾತು.

ಏಪ್ರಿಲ್ 14 ಹತ್ರ ಬಂತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ತಮ್ಮಂದಿರಿಗೆ ಕೈಮುಗಿದು ಕೇಳ್ಕೋತೀನಿ. ಡಿಜೆ ಬೇಡ ಅನ್ನಲ್ಲ, ಕುಣೀರಿ. ಆದ್ರೆ ಡಿಜೆ ಶುರು ಮಾಡೋ ಮುಂಚೆ ಅರ್ಧ ಗಂಟೆ ಕೊಡಿ. ಗೋರೆಗಾಂವ್ ಪ್ರಯಾಣವನ್ನ ಯಾರಾದ್ರೂ ಒಬ್ಬ ಹುಡುಗ ಅಥವಾ ಹುಡುಗಿ ಮೈಕಿನಲ್ಲಿ ಓದಲಿ. ಆಮೇಲೆ ಕೇರಿಯ ಒಬ್ಬ ಹಿರಿಯರು, ಗಂಡಸಾಗಲಿ ಹೆಂಗಸಾಗಲಿ, ತಮ್ಮ ಕಣ್ಣಾರೆ ಕಂಡ ಒಂದು ಘಟನೆ ಹೇಳಲಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ. ಊರು, ತಾರೀಖು ಹಾಕಿ, ಕೇಸ್ ಆಗಿದ್ರೆ ಎಫ್ಐಆರ್ ನಂಬರ್ ಹಾಕಿ ಇಟ್ಟುಕೊಳ್ಳಿ. ಹೇಳಿದವರು ಒಪ್ಪದೆ ಯಾವುದನ್ನೂ ಹಂಚಬೇಡಿ, ಅವರು ನಾಳೆಯೂ ಅದೇ ಊರಲ್ಲಿ ಬದುಕಬೇಕು. ಟೈಪ್ ಮಾಡೋ ಕೆಲಸ ಇದ್ರೆ ನನಗೆ ಕಳಿಸಿ, ಭಾನುವಾರ ಕೂತು ಮಾಡಿಕೊಡ್ತೀನಿ. ಉಪ್ಪುಖಾರ ಹಚ್ಚಬೇಡಿ. ಒಂದು ಸುಳ್ಳು ಸೇರಿಸಿದ್ರೆ ಅದನ್ನೇ ಹಿಡ್ಕೊಂಡು ಉಳಿದ ಒಂಬತ್ತು ನಿಜಕ್ಕೂ 'ಕಾಲ್ಪನಿಕ' ಅನ್ನೋಕೆ ಜನ ಕಾಯ್ತಾ ಇದ್ದಾರೆ.

ನಮ್ಮಕ್ಕನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್ 14ಕ್ಕೆ ತನ್ನೂರ ಕೇರಿಯಲ್ಲಿ ಗೋರೆಗಾಂವ್ ಕಥೆ ತಾನೇ ಓದ್ತೀನಿ ಅಂದಿದ್ದಾಳೆ. ನಿನ್ನೆ ಫೋನಲ್ಲಿ ಕೇಳಿದಳು, "ಮಾವ, ಓದೋಕಿಂತ ಮುಂಚೆ ಏನಂತ ಹೇಳಲಿ?"

"ಇದು ನಡೆದದ್ದು ಅಂತ ಹೇಳವ್ವ, ಸಾಕು" ಅಂದೆ.

ಕಂಬಾಲಪಲ್ಲಿಯ ಆ ಏಳು ಜೀವಗಳಿಗೆ ನಮನ. ನಿಮ್ಮೂರಲ್ಲಿ ಓದಿಸೋರು ಇದ್ರೆ ಕೆಳಗೆ ಊರ ಹೆಸರು ಬರೀರಿ.

ಜೈ ಭೀಮ್.